ಓದುಗರ ಪ್ರಶ್ನೆ: ತೋಟದಿಂದ ನೇರ ತಟ್ಟೆಗೆ ಬರೋ ಊಟ, ಮನೆಯವರ ವಿಶೇಷ ದಿನಕ್ಕೆ ಸರಿ ಹೋಗುತ್ತಾ?

ಮದುವೆ ವಾರ್ಷಿಕೋತ್ಸವ, ಹುಟ್ಟುಹಬ್ಬ, ರಿಟೈರ್ಮೆಂಟು ಅಂತ ಫಾರ್ಮ್ ಟು ಟೇಬಲ್ ರೆಸ್ಟೋರೆಂಟ್‌ಗೆ ಹೋಗ್ಬೇಕು ಅನ್ಕೊಂಡಿರೋರ ಪ್ರಶ್ನೆಗಳು ಈ ಸಲ ತುಂಬಾ ಬಂದಿವೆ, ಅದಕ್ಕೆ ಇಡೀ ಕಾಲಂ ಇದಕ್ಕೇ ಮೀಸಲು. ಒಂದೇ ತರದ ಪ್ರಶ್ನೆಗಳನ್ನ ಸೇರಿಸಿ ಉತ್ತರ ಕೊಟ್ಟಿದೀನಿ.

ಪ್ರಶ್ನೆ: ಅಪ್ಪ ಅಮ್ಮನ ಮದುವೆಯಾಗಿ 40 ವರ್ಷ ಆಗ್ತಿದೆ. ನಾನೂ ತಮ್ಮನೂ ಸೇರಿ ಅವ್ರನ್ನ ಇಂಥ ಒಂದು ರೆಸ್ಟೋರೆಂಟ್‌ಗೆ ಕರ್ಕೊಂಡು ಹೋಗೋಣ ಅಂತಿದೀವಿ. ಆದ್ರೆ ಅಲ್ಲಿ ಮೆನುನೇ ಇರಲ್ವಂತೆ, ಅವ್ರು ಕೊಟ್ಟಿದ್ದನ್ನ ತಿನ್ಬೇಕಂತೆ. ಅಪ್ಪಂಗೆ ಊಟದ ವಿಷ್ಯದಲ್ಲಿ ಹಟ ಜಾಸ್ತಿ, ಇಷ್ಟ ಆಗ್ಲಿಲ್ಲ ಅಂದ್ರೆ ಮುಟ್ಟೋದೇ ಇಲ್ಲ. ಅಷ್ಟು ದುಡ್ಡು ಕೊಟ್ಟು ಎಲ್ರೂ ಬೇಜಾರಲ್ಲಿ ವಾಪಸ್ ಬರೋ ಹಾಗಾದ್ರೆ? (ಹಿರಿಮಗಳು)

ಉತ್ತರ: ಹಾಗಾಗದ ಹಾಗೆ ನೋಡ್ಕೊಳ್ಳೋದು ನಿಮ್ಮ ಕೈಲೇ ಇದೆ ಅಕ್ಕ. ಮೆನು ಯಾಕಿಲ್ಲ ಅಂತ ತಿಳ್ಕೊಂಡ್ರೆ ಅರ್ಧ ಭಯ ಹೋಗುತ್ತೆ. ಮಾಮೂಲಿ ಹೋಟೆಲಲ್ಲಿ ಮೊದ್ಲು ಮೆನು ಬರೀತಾರೆ, ಆಮೇಲೆ ಅದಕ್ಕೆ ಬೇಕಾದ ಸಾಮಾನು ತರಿಸ್ತಾರೆ. ಇಲ್ಲಿ ಉಲ್ಟಾ, ಬೆಳಿಗ್ಗೆ ತೋಟದಲ್ಲಿ ಏನು ಕೊಯ್ಲಿಗೆ ಬಂದಿದೆ ನೋಡಿ ಆಮೇಲೆ ಏನು ಅಡುಗೆ ಅಂತ ಯೋಚ್ನೆ ಮಾಡ್ತಾರೆ. ಅಮೆರಿಕದ ಬರ್ಕ್ಲಿ ಊರಲ್ಲಿ ಆಲಿಸ್ ವಾಟರ್ಸ್ 1971ರಲ್ಲಿ ಶುರು ಮಾಡಿದ ಶೇ ಪನೀಸ್ ರೆಸ್ಟೋರೆಂಟ್ ಈ ಪದ್ಧತಿಗೆ ದೊಡ್ಡ ಹೆಸರು ತಂದುಕೊಟ್ಟ ಜಾಗ, ಅಲ್ಲಿ ಕೆಳಗಡೆ ಹಾಲ್‌ನಲ್ಲಿ ರಾತ್ರಿಗೆ ಒಂದೇ ಸೆಟ್ ಊಟ, ಅದೂ ದಿನಾ ಬದ್ಲಾಗುತ್ತೆ. ನ್ಯೂಯಾರ್ಕ್ ಹತ್ರ ಡ್ಯಾನ್ ಬಾರ್ಬರ್ ಅವರ ಬ್ಲೂ ಹಿಲ್ ಅಟ್ ಸ್ಟೋನ್ ಬಾರ್ನ್ಸ್ ಅಂತ ಇದೆ, 2004ರಲ್ಲಿ ಶುರುವಾಗಿದ್ದು, ಅವ್ರು ಇನ್ನೂ ಮುಂದೆ ಹೋಗಿ ಮೆನು ಕಾರ್ಡನ್ನೇ ಕೈಬಿಟ್ರು.

ಆದ್ರೆ ಅದೇ ಶೇ ಪನೀಸ್‌ನೋರು 1980ರಲ್ಲಿ ಮಹಡಿ ಮೇಲೆ ಒಂದು ಕೆಫೆ ತೆಗೆದ್ರು, ಅಲ್ಲಿ ಕಾರ್ಡ್ ನೋಡಿ ನಮಗೆ ಬೇಕಾದ್ದು ಆರಿಸ್ಕೋಬಹುದು. ಅಂದ್ರೆ ತೋಟದ ಊಟ ಅಂದ್ರೆ ಕೊಟ್ಟಿದ್ದನ್ನೇ ತಿನ್ಬೇಕು ಅಂತ ಏನಿಲ್ಲ. ನಿಮ್ಮ ಅಪ್ಪನಂಥವರಿಗೆ ಆರಿಸ್ಕೊಳ್ಳೋ ಅವಕಾಶ ಇರೋ ಜಾಗನೇ ನೋಡಿ ಅಂತ ನನ್ನ ಸಲಹೆ, ಯಾಕಂದ್ರೆ ಈ ದಿನ ಅವ್ರದ್ದು, ಶೆಫ್‌ದಲ್ಲ.

ಸೆಟ್ ಮೆನು ಇರೋ ಜಾಗಕ್ಕೇ ಹೋಗ್ಬೇಕು ಅಂತ ಮನಸ್ಸಿದ್ರೆ ಬುಕಿಂಗ್ ಮಾಡುವಾಗ ಆನ್‌ಲೈನ್ ಫಾರ್ಮಲ್ಲಿ ಆ್ಯನಿವರ್ಸರಿ ಅಂತ ಒಂದು ಟಿಕ್ ಹಾಕಿ ಸುಮ್ನಾಗ್ಬೇಡಿ, ಫೋನ್ ಮಾಡಿ ಮಾತಾಡಿ. ಮಧ್ಯಾಹ್ನದ ಊಟ ಮುಗಿದು ರಾತ್ರಿದು ಶುರುವಾಗೋ ಮುಂಚೆ ಮಾಡಿದ್ರೆ ಅವ್ರಿಗೂ ಮಾತಾಡೋಕೆ ಪುರುಸೊತ್ತಿರುತ್ತೆ. ಅಪ್ಪ ಏನು ಮುಟ್ಟಲ್ಲ ಅನ್ನೋದರ ಜೊತೆ ಏನು ಖುಷಿಯಾಗಿ ತಿಂತಾರೆ ಅನ್ನೋದನ್ನೂ ಹೇಳಿ, ಎಷ್ಟೋ ಜನ ಬೇಡದ್ದು ಮಾತ್ರ ಹೇಳ್ತಾರೆ, ಆಗ ಅಡುಗೆಯವ್ರು ಒಂದೊಂದೇ ತೆಗೀತಾ ಹೋಗಿ ಕೊನೆಗೆ ತಟ್ಟೇಲಿ ಏನೂ ಉಳಿಯಲ್ಲ. ಹಲ್ಲಿನ ತೊಂದ್ರೆ ಇದ್ರೆ ಅದನ್ನೂ ಹೇಳಿ, ಇಂಥ ಕಡೆ ತರಕಾರಿನ ಸ್ವಲ್ಪ ಗಟ್ಟಿಯಾಗೇ ಬೇಯಿಸೋದು ಜಾಸ್ತಿ, ವಯಸ್ಸಾದವ್ರಿಗೆ ಅಗಿಯೋಕೆ ಕಷ್ಟ.

ಇನ್ನೊಂದು, ಟೈಮು. ಒಂದೊಂದೇ ಕೋರ್ಸ್ ಬರೋ ಊಟ ಅಂದ್ರೆ ಎರಡೂವರೆ ಮೂರು ಗಂಟೆ ಕೂರ್ಬೇಕಾಗುತ್ತೆ. ಶುಗರ್ ಇರೋರು, ಮಾತ್ರೆ ತಗೊಳ್ಳೋರು, ಒಂಬತ್ತಕ್ಕೆಲ್ಲ ಮಲಗೋರು ಇದ್ರೆ ರಾತ್ರಿ ಊಟದ ಆಸೆ ಬಿಟ್ಟು ಮಧ್ಯಾಹ್ನಕ್ಕೆ ಬುಕ್ ಮಾಡಿ. ಮಧ್ಯಾಹ್ನ ಹೋದ್ರೆ ತೋಟನೂ ಕಣ್ತುಂಬ ನೋಡ್ಬಹುದು, ಕತ್ತಲಲ್ಲಿ ತೋಟ ನೋಡೋಕೆ ಏನಿರುತ್ತೆ? ತೋಟ ಸುತ್ತೋದನ್ನ ಊಟಕ್ಕೆ ಮುಂಚೆ ಇಟ್ಕೊಳ್ಳಿ, ಬದುಗಳ ಮೇಲೆ ನಡೆಯೋದು ಮಂಡಿನೋವಿನವ್ರಿಗೆ ಆಗಲ್ಲ ಅಂತಿದ್ರೆ ಗಾಡಿ ಎಲ್ಲಿವರೆಗೆ ಹೋಗುತ್ತೆ ಅಂತ ಮೊದ್ಲೇ ಕೇಳಿ, ಅಮ್ಮಂಗೆ ಹೀಲ್ಸ್ ಬೇಡ ಅಂತ ಹೇಳಿ.

ಪ್ರಶ್ನೆ: ಈಗ ನೋಡಿದ ಕಡೆಯೆಲ್ಲ ಫಾರ್ಮ್ ಟು ಟೇಬಲ್ ಅಂತ ಬೋರ್ಡು. ಗೋಡೆ ಮೇಲೆ ನಾಲ್ಕು ಪುದೀನ ಕುಂಡ ನೇತುಹಾಕಿ ರೇಟು ಡಬಲ್ ಮಾಡಿರ್ತಾರೆ. ನಿಜವಾಗ್ಲೂ ತೋಟದಿಂದ ಬರ್ತಿದೆಯಾ ಅಂತ ಹೊರಗಿನವ್ರಿಗೆ ಗೊತ್ತಾಗೋದು ಹೇಗೆ? (ಬ್ಯಾಂಕ್ ಉದ್ಯೋಗಿ, ಇದೇ ಪ್ರಶ್ನೆ ಇನ್ನೂ ಹಲವರಿಂದ)

ಉತ್ತರ: ನಿಮ್ಮ ಅನುಮಾನ ಸರಿಯಾಗೇ ಇದೆ ಸರ್. ಸಾವಯವ ಅಂತ ಬರ್ಕೊಳ್ಳೋಕೆ ಬಹಳ ದೇಶಗಳಲ್ಲಿ ಸರ್ಟಿಫಿಕೇಟು, ತಪಾಸಣೆ ಅಂತ ಇರುತ್ತೆ. ಫಾರ್ಮ್ ಟು ಟೇಬಲ್ ಅನ್ನೋ ಮಾತಿಗೆ ಅಂಥದ್ದೇನೂ ಇಲ್ಲ, ಯಾರು ಬೇಕಾದ್ರೂ ಬೋರ್ಡ್ ಹಾಕ್ಕೋಬಹುದು. ಲೋಕಲ್ ಅನ್ನೋದೂ ಅಷ್ಟೇ ಸಡಿಲ, ಅಮೆರಿಕದ 2008ರ ಕೃಷಿ ಕಾಯ್ದೆ ಒಂದು ಯೋಜನೆಗೋಸ್ಕರ ಇದನ್ನ ವಿವರಿಸುವಾಗ ಬೆಳೆದ ಜಾಗದಿಂದ 400 ಮೈಲಿಗಿಂತ ಕಮ್ಮಿ ದೂರ, ಇಲ್ಲಾ ಅದೇ ರಾಜ್ಯದೊಳಗೆ ಅಂತ ಹೇಳ್ತು. 400 ಮೈಲಿ ಅಂದ್ರೆ ಸುಮಾರು 640 ಕಿಲೋಮೀಟರ್, ಲಾರಿಲಿ ಒಂದು ರಾತ್ರಿ ಪ್ರಯಾಣ.

ಮೋಸ ಆಗೋದೂ ನಿಜ. 2016ರಲ್ಲಿ ಫ್ಲಾರಿಡಾದ ಟ್ಯಾಂಪಾ ಬೇ ಟೈಮ್ಸ್ ಪತ್ರಿಕೆಯ ಆಹಾರ ವಿಮರ್ಶಕಿ ಲಾರಾ ರೈಲಿ ಮಾಡಿದ ಕೆಲ್ಸ ಓದಿದ್ರೆ ಎದೆ ಧಸಕ್ ಅನ್ನುತ್ತೆ. ರೆಸ್ಟೋರೆಂಟ್‌ಗಳ ಮೆನುಲಿ ಬರ್ದಿದ್ದ ಫಾರ್ಮ್‌ಗಳ ಹೆಸ್ರು ಹಿಡ್ಕೊಂಡು ಆ ರೈತರನ್ನೇ ವಿಚಾರಿಸಿದ್ರು, ನಿಮ್ಮ ಹತ್ರ ಇವ್ರು ಕೊಂಡ್ಕೊಳ್ತಾರಾ ಅಂತ. ಕೆಲವರು ಇಲ್ಲವೇ ಇಲ್ಲ ಅಂದ್ರು, ಕೆಲವರು ಮೊದ್ಲು ಕೊಳ್ತಿದ್ರು ಈಗಿಲ್ಲ ಅಂದ್ರು. ಮೀನಿನ ಸ್ಯಾಂಪಲ್ ಲ್ಯಾಬಿಗೆ ಕಳಿಸಿ ಡಿಎನ್‌ಎ ಪರೀಕ್ಷೆನೂ ಮಾಡಿಸಿದ್ರು. ಗಿರಾಕಿಗೆ ಮೋಸ ಆಯ್ತು ಸರಿ, ಆದ್ರೆ ನನಗೆ ಜಾಸ್ತಿ ಸಿಟ್ಟು ಬರೋದು ಆ ರೈತರ ವಿಷ್ಯಕ್ಕೆ. ಬಿಸಿಲಲ್ಲಿ ಬಗ್ಗಿ ದುಡಿದು ಒಳ್ಳೆ ಹೆಸ್ರು ಗಳಿಸಿದೋರು ಅವ್ರು, ಅವ್ರ ಹತ್ರ ಒಂದು ಬುಟ್ಟಿ ಸೊಪ್ಪೂ ಕೊಳ್ಳದೆ ಅವ್ರ ಹೆಸ್ರಲ್ಲಿ ವ್ಯಾಪಾರ ಮಾಡೋದು ಕಳ್ಳತನವೇ.

ಈಗ ಗುರುತಿಸೋದು ಹೇಗೆ ಅನ್ನೋದಕ್ಕೆ ಬರೋಣ. ನಾನು ಮೊದ್ಲು ನೋಡೋದು ಏನಿದೆ ಅಂತಲ್ಲ, ಏನಿಲ್ಲ ಅಂತ. "ಇವತ್ತು ಅದು ಖಾಲಿ", "ಮಳೆಗೆ ಹೂ ಉದುರಿಹೋಯ್ತು, ಈ ವಾರ ಬೀನ್ಸ್ ಇಲ್ಲ" ಅಂತ ಒಂದು ಮಾತಾದ್ರೂ ಕೇಳಿಸಿದ್ರೆ ಅಲ್ಲಿ ನಿಜವಾಗ್ಲೂ ತೋಟದ ಜೊತೆ ವ್ಯವಹಾರ ಇದೆ ಅಂತ ನಂಬಿಕೆ ಬರುತ್ತೆ. ವರ್ಷದ ಹನ್ನೆರಡೂ ತಿಂಗಳು ಅದೇ ನಲವತ್ತು ಐಟಂ, ಯಾವತ್ತೂ ಏನೂ ಖಾಲಿ ಆಗಲ್ಲ ಅಂದ್ರೆ ಸಾಮಾನು ಬರ್ತಿರೋದು ಮಾರ್ಕೆಟ್ಟಿಂದ. ಕಾರ್ಡಲ್ಲಿ ತಾರೀಕು ಹಾಕಿದಾರಾ ನೋಡಿ, ರೈತರ ಹೆಸ್ರುಗಳನ್ನ ಗೋಡೆ ಮೇಲೆ ಪಟ್ಟಿ ಮಾಡಿ ಬರ್ದಿದ್ರೆ ಅದರಲ್ಲಿ ಯಾವ್ದು ಯಾರದ್ದು ಅಂತ ಕೇಳಿ. ಪ್ರಾಮಾಣಿಕವಾಗಿ ನಡೆಸೋ ಜಾಗದಲ್ಲಿ ಬಡಿಸೋ ಹುಡುಗನಿಗೂ ಟೊಮ್ಯಾಟೊ ಎಲ್ಲಿಂದ ಬಂತು, ಯಾವಾಗ ಕಿತ್ತಿದ್ದು ಗೊತ್ತಿರುತ್ತೆ, ಗೊತ್ತಿಲ್ಲದಿದ್ರೆ ಒಳಗೆ ಹೋಗಿ ಕೇಳ್ಕೊಂಡು ಬಂದು ಹೇಳ್ತಾನೆ. "ಎಲ್ಲಾ ಫ್ರೆಶ್ ಮೇಡಂ" ಅಂತ ನಕ್ಕು ಹೋದ್ರೆ ನೀವೇ ಅರ್ಥ ಮಾಡ್ಕೊಳ್ಳಿ.

ಮಾಂಸಾಹಾರಿಗಳಿಗೆ ಒಂದು ಸುಲಭದ ಲೆಕ್ಕ. ಟೆಂಡರ್‌ಲಾಯಿನ್ ಅಂತಾರಲ್ಲ, ಬೆನ್ನಿನ ಒಳಭಾಗದ ಮೆತ್ತನೆ ಮಾಂಸ, ಅದು ಒಂದು ಪ್ರಾಣಿಲಿ ಎರಡೇ ತುಂಡು ಇರೋದು. ಸಣ್ಣ ಫಾರ್ಮಿಂದ ಇಡೀ ಪ್ರಾಣಿ ತರಿಸೋರು ತೊಡೆ, ಭುಜ, ಮೂಳೆ, ಲಿವರ್ ಎಲ್ಲಾನೂ ಏನೋ ಒಂದು ಮಾಡಿ ಬಡಿಸ್ಲೇಬೇಕು. ದಿನಾ ಎಲ್ಲಾ ಟೇಬಲ್ಲಿಗೂ ಮೆತ್ತನೆ ತುಂಡೇ ಬರ್ತಿದೆ ಅಂದ್ರೆ ಉಳಿದ ಪ್ರಾಣಿ ಎಲ್ಲಿ ಹೋಯ್ತು?

ಹಾಗಂತ ವಿಪರೀತ ಅನುಮಾನನೂ ಬೇಡ. ಉಪ್ಪು, ಎಣ್ಣೆ, ಸಕ್ಕರೆ, ಕಾಫಿ, ಮೆಣಸು ದೂರದಿಂದ ತರಿಸಿದ್ರೆ ಅದು ಮೋಸ ಅಲ್ಲ. ಸ್ವಂತ ತೋಟ ಇರ್ಲೇಬೇಕು ಅಂತನೂ ಇಲ್ಲ, ಇಂಗ್ಲೆಂಡಿನ ಕಾರ್ಟ್‌ಮೆಲ್‌ನಲ್ಲಿ ಸೈಮನ್ ರೋಗನ್ ಅವರ ಲಾಂಕ್ಲೂಮ್ ರೆಸ್ಟೋರೆಂಟ್ ತರ ತಮ್ಮದೇ ಹೊಲ ಇಟ್ಕೊಂಡೋರೂ ಇದಾರೆ, ಸುತ್ತಮುತ್ತಲ ಹತ್ತು ರೈತರ ಹತ್ರ ಖಾಯಂ ಕೊಳ್ಳೋರೂ ಇದಾರೆ, ನನ್ನ ಪ್ರಕಾರ ಎರಡ್ನೇದು ಒಂದು ಕೈ ಮೇಲೆ, ಯಾಕಂದ್ರೆ ಹತ್ತು ಮನೆಗೆ ವರಮಾನ ಆಗುತ್ತೆ. ಇನ್ನು, ಹತ್ತಿರದ ತೋಟದ್ದು ಅಂದ ಮಾತ್ರಕ್ಕೆ ಔಷಧಿ ಹೊಡೆದಿಲ್ಲ ಅಂತ ಅಲ್ಲ. ಅದು ಬೇರೆ ಪ್ರಶ್ನೆ, ಬೇರೆಯಾಗೇ ಕೇಳಿ.

ಪ್ರಶ್ನೆ: ಗಂಡನ ಹುಟ್ಟುಹಬ್ಬಕ್ಕೆ ಹೋಗಿದ್ವಿ. ಇಷ್ಟು ದೊಡ್ಡ ತಟ್ಟೆ, ಮಧ್ಯೆ ಸುಟ್ಟ ಒಂದು ಕ್ಯಾರೆಟ್, ಪಕ್ಕದಲ್ಲಿ ಒಂದು ಚಮಚ ಏನೋ ಸಾಸ್. ಅದೇ ಒಂದು ಕೋರ್ಸಂತೆ! ಮನೆಗೆ ಬಂದು ಮತ್ತೆ ಅನ್ನ ಮಾಡ್ಕೊಂಡು ತಿಂದ್ವಿ. ಕ್ಯಾರೆಟ್ಟಲ್ಲಿ ಅಂಥದ್ದೇನಿದೆ? (ಹಸಿದು ಬಂದವಳು)

ಉತ್ತರ: ಹಸಿದು ವಾಪಸ್ ಬಂದಿದ್ದು ಖಂಡಿತ ತಪ್ಪು, ಅದು ಅವ್ರ ತಪ್ಪು. ವಿಶೇಷ ದಿನ ಅಂತ ಬಂದೋರು ಹೊಟ್ಟೆ ತುಂಬಿ ಹೋಗ್ಬೇಕು, ಅದರಲ್ಲಿ ಎರಡು ಮಾತಿಲ್ಲ. ಮುಂದಿನ ಸಲ ಮೂರ್ನೇ ಕೋರ್ಸ್ ಹೊತ್ತಿಗೇ ಹೇಳಿಬಿಡಿ ಮೇಡಂ, ಸಾಲ್ತಾ ಇಲ್ಲ, ಬ್ರೆಡ್ ಇನ್ನೊಂದ್ಸಲ ಕೊಡಿ ಅಂತ, ಸಂಕೋಚ ಬೇಡ, ಒಳ್ಳೆ ಜಾಗದಲ್ಲಿ ಖುಷಿಯಾಗಿ ತಂದುಕೊಡ್ತಾರೆ.

ಆದ್ರೆ ಕ್ಯಾರೆಟ್ ಪರವಾಗಿ ಒಂದೆರಡು ಮಾತು ಹೇಳ್ಲೇಬೇಕು. ಚಳಿ ಜಾಸ್ತಿ ಆದಾಗ ನೆಲದೊಳಗಿರೋ ಕ್ಯಾರೆಟ್ ತನ್ನ ಪಿಷ್ಟದಲ್ಲಿ ಸ್ವಲ್ಪನ ಸಕ್ಕರೆ ಮಾಡ್ಕೊಳ್ಳುತ್ತೆ, ಸಕ್ಕರೆ ಇದ್ರೆ ಜೀವಕೋಶದೊಳಗಿನ ನೀರು ಬೇಗ ಹೆಪ್ಪುಗಟ್ಟಲ್ಲ, ಗಿಡ ತನ್ನ ಜೀವ ಉಳಿಸ್ಕೊಳ್ಳೋ ದಾರಿ ಅದು. ಹಾಗೆ ಚಳಿ ತಿಂದ ಕ್ಯಾರೆಟ್ಟನ್ನ ಮಣ್ಣಿಂದ ಕಿತ್ತು ಅವತ್ತೇ ಸಿಪ್ಪೆ ಸಮೇತ ನಿಧಾನಕ್ಕೆ ಸುಟ್ರೆ ಹೊರಗಡೆ ಕಪ್ಪಗೆ ಜಿಗುಟಾಗಿ, ಒಳಗೆ ಹಲ್ವಾ ತರ ಮೆತ್ತಗೆ ಆಗಿರುತ್ತೆ, ಅದರ ಪಕ್ಕ ಬೇರೆ ಏನಿಟ್ರೂ ಅಡ್ಡಿನೇ. ಸ್ವೀಟ್ ಕಾರ್ನ್‌ದು ಇದರ ಉಲ್ಟಾ ಕತೆ, ಕಿತ್ತ ಗಳಿಗೆಯಿಂದ ಅದರ ಸಕ್ಕರೆ ಪಿಷ್ಟ ಆಗ್ತಾ ಹೋಗುತ್ತೆ, ಬಿಸಿಲಲ್ಲಿ ಇಟ್ರಂತೂ ಇನ್ನೂ ಬೇಗ, ಹಸಿ ಬಟಾಣಿನೂ ಹಾಗೇ. ಟೊಮ್ಯಾಟೊನ ಸುಮಾರು 12 ಡಿಗ್ರಿಗಿಂತ ತಣ್ಣಗೆ ಇಟ್ರೆ ಘಮ ಕಮ್ಮಿ ಆಗುತ್ತೆ, ಫ್ರಿಡ್ಜಲ್ಲಿ ಇಟ್ಟ ಟೊಮ್ಯಾಟೊ ಸಪ್ಪೆ ಅನ್ಸೋದು ಅದಕ್ಕೇ. ತೋಟ ಹತ್ರ ಇರೋದರ ಪೂರ್ತಿ ಲಾಭ ಇಲ್ಲೇ ಇರೋದು. ಕೆಲವು ತರಕಾರಿಗೆ ಗಂಟೆಗಳ ಲೆಕ್ಕ, ಆ ಗಂಟೆಗಳನ್ನ ಉಳಿಸೋಕೇ ನಾವು ದುಡ್ಡು ಕೊಡೋದು. ಆಲೂಗಡ್ಡೆ, ಈರುಳ್ಳಿ, ಕುಂಬಳಕ್ಕೆ ಈ ಅವಸರ ಇಲ್ಲ, ಅವಕ್ಕೂ ಇದೇ ಕತೆ ಹೇಳಿ ರೇಟು ಏರಿಸಿದ್ರೆ ನಂಬ್ಬೇಡಿ.

ನಿಮ್ಮ ತಟ್ಟೆಯ ಕ್ಯಾರೆಟ್ ತಿಂದಾಗ ಬಾಯಲ್ಲಿ ಏನೂ ಅನ್ಸ್ಲಿಲ್ಲ ಅಂದ್ರೆ ನೀವು ಹೇಳಿದ್ದೇ ಸರಿ, ಮಾಮೂಲಿ ಕ್ಯಾರೆಟ್ಟಿಗೆ ದೊಡ್ಡ ತಟ್ಟೆ ಕೊಟ್ಟಿದಾರೆ ಅಷ್ಟೇ.

ಪ್ರಶ್ನೆ: ಯಾವ ತಿಂಗಳಲ್ಲಿ ಹೋದ್ರೆ ಒಳ್ಳೇದು? ನಮ್ಮ ಆ್ಯನಿವರ್ಸರಿ ತಾರೀಕಿಗೆ ಅಲ್ಲಿ ಏನೂ ಬೆಳೆ ಇಲ್ದಿದ್ರೆ?

ಉತ್ತರ: ನೀವು ಹೋಗೋ ಜಾಗದ ಹವಾಮಾನದ ಮೇಲೆ ಹೋಗುತ್ತೆ, ಅವರನ್ನೇ ಕೇಳಿ, ವರ್ಷದಲ್ಲಿ ನಿಮ್ಮ ತೋಟ ತುಂಬಿರೋ ತಿಂಗಳು ಯಾವ್ದು ಅಂತ. ಚಳಿದೇಶಗಳಲ್ಲಿ ಚಳಿಗಾಲದ ಬೆಳೆ ಮುಗಿದು ಹೊಸದು ಇನ್ನೂ ಬಾರದ ಒಂದು ಬಡ ಕಾಲ ಇರುತ್ತೆ, ಬ್ರಿಟನ್ನಲ್ಲಿ ಅದು ಹೆಚ್ಚುಕಮ್ಮಿ ಏಪ್ರಿಲ್ ಮೇ. ಹೊರಗೆ ವಸಂತ, ಮರ ಎಲ್ಲಾ ಚಿಗುರಿರುತ್ತೆ, ತೋಟದಲ್ಲಿ ಮಾತ್ರ ಕೊಯ್ಯೋಕೆ ಏನೂ ಇರಲ್ಲ. ಆಗ ಉಪ್ಪಿನಕಾಯಿ ಹಾಕಿಟ್ಟಿದ್ದು, ಒಣಗಿಸಿದ್ದು, ಹುಳಿ ಬರಿಸಿದ್ದು ಹೊರಗೆ ಬರುತ್ತೆ. ನನಗಂತೂ ಶೆಫ್‌ನ ಕೈಗುಣ ಗೊತ್ತಾಗೋದು ಆ ಕಾಲದಲ್ಲೇ. ಟೊಮ್ಯಾಟೊ ರಾಶಿ ಬಿದ್ದಿರುವಾಗ ಯಾರು ಬೇಕಾದ್ರೂ ಒಳ್ಳೆ ಊಟ ಹಾಕ್ತಾರೆ. ತಾರೀಕು ಬದಲಾಯಿಸ್ಬೇಡಿ, ಏನು ಸಿಗುತ್ತೋ ಮೊದ್ಲೇ ಕೇಳ್ಕೊಂಡು ಹೋಗಿ.

ಪ್ರಶ್ನೆ: ಮಗಳು ಬಸುರಿ, ಈಗ ಐದು ತಿಂಗಳು. ಅವಳ ಖುಷಿಗೆ ಅಂತಲೇ ಎಲ್ರೂ ತೋಟದ ರೆಸ್ಟೋರೆಂಟ್‌ಗೆ ಹೊರಟಿದೀವಿ. ಎಲ್ಲಾ ತಾಜಾ ಇರುತ್ತಲ್ಲ, ಭಯ ಇಲ್ಲ ಅಲ್ವಾ? (ಅಜ್ಜಿ ಆಗ್ತಿರೋಳು)

ಉತ್ತರ: ಅಮ್ಮ, ತಾಜಾ ಇರೋದು ಬೇರೆ, ಬಸುರಿಗೆ ಸುರಕ್ಷಿತ ಇರೋದು ಬೇರೆ, ದಯವಿಟ್ಟು ಇದೊಂದನ್ನ ಗಟ್ಟಿಯಾಗಿ ಹಿಡ್ಕೊಳ್ಳಿ. ಇಂಥ ಕಡೆ ಹಸಿದು, ಅರೆಬೆಂದದ್ದು, ಮನೇಲೇ ಮಾಡಿದ್ದು ಜಾಸ್ತಿ ಇರುತ್ತೆ, ಅದೇ ಅವರ ಹೆಮ್ಮೆ. ಬಿಸಿ ಮಾಡದ ಹಸಿ ಹಾಲಿಂದ ಮಾಡಿದ ಮೆತ್ತನೆ ಚೀಸ್ ಬೇಡವೇ ಬೇಡ. ಅದರಲ್ಲಿ ಲಿಸ್ಟೀರಿಯಾ ಅನ್ನೋ ಬ್ಯಾಕ್ಟೀರಿಯಾ ಇರಬಹುದು, ಅದು ತಾಯಿಗೆ ಸಣ್ಣ ಜ್ವರದ ತರ ಬಂದು ಹೋದ್ರೂ ಮಗುಗೆ ಅಪಾಯ. ಹಾಲು, ಚೀಸ್ ಯಾವುದೇ ಇರಲಿ, ಪಾಶ್ಚರೀಕರಣ ಆಗಿದೆಯಾ ಅಂತ ಕೇಳಿ, ಅಂದ್ರೆ 72 ಡಿಗ್ರಿಲಿ 15 ಸೆಕೆಂಡ್ ಕಾಯಿಸೋ ತರದ ಪದ್ಧತಿ. "ನಮ್ಮದೇ ಹಸುಗಳು, ತುಂಬಾ ಕ್ಲೀನು" ಅಂತ ಹೇಳಿದ್ರೆ ಅದು ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲ.

ಮೊಳಕೆ ಕಾಳು ಹಸಿದಾಗಿ ಕೊಟ್ರೆ ಅದೂ ಬೇಡ. 2011ರಲ್ಲಿ ಜರ್ಮನಿಲಿ ಇ-ಕೋಲೈ ಅನ್ನೋ ಬ್ಯಾಕ್ಟೀರಿಯಾ ಹರಡಿ 50ಕ್ಕೂ ಜಾಸ್ತಿ ಜನ ತೀರ್ಕೊಂಡ್ರಲ್ಲ, ಅದರ ಮೂಲ ಮೊಳಕೆ ಬರಿಸಿದ ಮೆಂತ್ಯ ಅಂತ ತನಿಖೆಲಿ ಬಂತು, ಆ ಮೊಳಕೆ ಬೆಳೆದಿದ್ದು ಒಂದು ಸಾವಯವ ಫಾರ್ಮಲ್ಲೇ. ಮೊಳಕೆ ಬರೋಕೆ ಬೇಕಾದ ಬೆಚ್ಚಗಿನ ತೇವನೇ ಬ್ಯಾಕ್ಟೀರಿಯಾಗೂ ಬೇಕು, ತೊಳೆದ್ರೆ ಹೋಗಲ್ಲ. ಚೆನ್ನಾಗಿ ಬೇಯಿಸಿ ಕೊಟ್ರೆ ತಿನ್ನಬಹುದು. ಅರೆಬೆಂದ ಮೊಟ್ಟೆ, ಹಸಿ ಮೊಟ್ಟೆ ಹಾಕಿದ ಮಯೋನೀಸ್, ಪೂರ್ತಿ ಬೇಯದ ಮಾಂಸನೂ ಬಿಟ್ಬಿಡಿ. ಹೆದರಿ ಪ್ಲಾನ್ ಕ್ಯಾನ್ಸಲ್ ಮಾಡ್ಬೇಡಿ, ಬಸುರಿ ಇದಾಳೆ ಅಂತ ಎರಡು ದಿನ ಮುಂಚೆ ಹೇಳಿದ್ರೆ ಅವಳಿಗೆ ಅಂತ ಬಿಸಿಬಿಸಿ ಬೇರೆ ಮಾಡಿಕೊಡ್ತಾರೆ. ಯಾವುದರ ಬಗ್ಗೆನಾದ್ರೂ ಅನುಮಾನ ಇದ್ರೆ ಅವಳ ಡಾಕ್ಟರನ್ನ ಕೇಳಿ, ನನ್ನ ಕಾಲಂ ನಂಬ್ಕೊಂಡು ಕೂರ್ಬೇಡಿ.

ಅಲರ್ಜಿ ಬಗ್ಗೆ ಬರೆದವ್ರಿಗೂ ಇಲ್ಲೇ ಹೇಳ್ತೀನಿ. ಯುರೋಪಲ್ಲಿ 14 ಅಲರ್ಜಿ ಪದಾರ್ಥಗಳನ್ನ ತಿಳಿಸ್ಲೇಬೇಕು ಅಂತ ಕಾನೂನಿದೆ, ಅಮೆರಿಕದಲ್ಲಿ ಪ್ಯಾಕೆಟ್ ಆಹಾರಕ್ಕೆ 9, ಎಳ್ಳು ಅದಕ್ಕೆ ಸೇರಿದ್ದು 2023ರಿಂದ. ಆದ್ರೆ ಅಡುಗೆ ದಿನಾ ಬದಲಾಗೋ ಕಡೆ ಹೋದ ತಿಂಗಳು ತಿಂದಾಗ ಏನೂ ಆಗಿರ್ಲಿಲ್ಲ ಅನ್ನೋ ಧೈರ್ಯ ಕೆಲ್ಸಕ್ಕೆ ಬರಲ್ಲ, ಅದೇ ಹೆಸರಿನ ಸಾಸಿಗೆ ಇವತ್ತು ಕಡಲೆಕಾಯಿ ಬಿದ್ದಿರಬಹುದು. ಬುಕ್ ಮಾಡುವಾಗ ಒಂದ್ಸಲ, ಕೂತ ಮೇಲೆ ಇನ್ನೊಂದ್ಸಲ ಹೇಳಿ.

ಪ್ರಶ್ನೆ: ಹನ್ನೆರಡು ಜನಕ್ಕೆ ಬುಕ್ ಮಾಡಿದ್ವಿ, ಕೊನೇಲಿ ನಾಲ್ಕು ಜನ ಬರ್ಲಿಲ್ಲ. ಅಡ್ವಾನ್ಸಲ್ಲಿ ಅವರದ್ದೂ ಹಿಡ್ಕೊಂಡ್ರು. ಇದು ನ್ಯಾಯನಾ?

ಉತ್ತರ: ಬುಕಿಂಗ್ ಮಾಡುವಾಗ್ಲೇ ಈ ಷರತ್ತು ಹೇಳಿದ್ರೆ ನ್ಯಾಯನೇ, ಹೇಳ್ದೇ ಹಿಡ್ಕೊಂಡಿದ್ರೆ ಅಲ್ಲ. ಹನ್ನೆರಡು ಜನ ಅಂತ ಲೆಕ್ಕ ಹಾಕಿ ಬೆಳಿಗ್ಗೆ ಸೊಪ್ಪು ಕೊಯ್ದಾಗಿರುತ್ತೆ, ರೈತರಿಗೆ ದುಡ್ಡು ಕೊಟ್ಟಾಗಿರುತ್ತೆ, ಕೊಯ್ದ ಸೊಪ್ಪನ್ನ ಗಿಡಕ್ಕೆ ವಾಪಸ್ ಅಂಟಿಸೋಕಾಗಲ್ಲ. ಬರೋದು ಡೌಟು ಅನ್ನೋ ನೆಂಟರಿದ್ರೆ ಬುಕ್ ಮಾಡುವಾಗ್ಲೇ ಎಂಟು ಗ್ಯಾರಂಟಿ, ನಾಲ್ಕು ಹೇಳೋಕಾಗಲ್ಲ ಅಂತ ತಿಳಿಸಿ, ಎಷ್ಟು ದಿನ ಮುಂಚೆ ಕೊನೇ ಲೆಕ್ಕ ಕೊಡ್ಬೇಕು ಅಂತ ಕೇಳಿ ಮೆಸೇಜಲ್ಲಿ ಬರೆಸ್ಕೊಳ್ಳಿ.

ಪ್ರಶ್ನೆ: ಹೆಂಡತಿಗೆ ಸರ್‌ಪ್ರೈಸ್ ಕೊಡ್ಬೇಕು. ಹೊರಗಿಂದ ಕೇಕ್ ತಗೊಂಡು ಹೋಗಬಹುದಾ? (ಹೊಸ ಗಂಡ)

ಉತ್ತರ: ಕೇಳ್ದೇ ತಗೊಂಡು ಹೋಗ್ಬೇಡಿ, ಕೆಲವು ಕಡೆ ಬಿಡಲ್ಲ, ಕೆಲವು ಕಡೆ ಕತ್ತರಿಸಿ ಬಡಿಸೋಕೆ ಅಂತ ಚಾರ್ಜ್ ಹಾಕ್ತಾರೆ. ಅದಕ್ಕಿಂತ ಅವ್ರಿಗೇ ಹೇಳಿ ಮಾಡಿಸೋದು ಚೆಂದ, ಅವತ್ತು ತೋಟದಲ್ಲಿ ಯಾವ ಹಣ್ಣಿದೆಯೋ ಅದರಲ್ಲೇ ಮಾಡ್ತಾರೆ, ನಾಲ್ಕೈದು ದಿನ ಮುಂಚೆ ಹೇಳಿದ್ರೆ ಸಾಕು. ಹೆಂಡತಿ ಹೆಸ್ರನ್ನ ಮಾತ್ರ ಮೆಸೇಜಲ್ಲಿ ಬರೆದು ಕಳ್ಸಿ, ಫೋನಲ್ಲಿ ಹೇಳಿದ್ರೆ ಕೇಕ್ ಮೇಲೆ ಸ್ಪೆಲ್ಲಿಂಗ್ ತಪ್ಪಾಗೋದು ಗ್ಯಾರಂಟಿ. ಬುಕಿಂಗ್ ನಂಬರ್ ನಿಮ್ಮದೇ ಇರಲಿ, ಹಿಂದಿನ ದಿನ ಕನ್ಫರ್ಮ್ ಮಾಡೋಕೆ ಅವ್ರು ಕಾಲ್ ಮಾಡ್ತಾರೆ.